ಯುದ್ಧ ಕಟ್ಟಿದ ಗುಡಿ

ಹಂಪಿಯ ಪಾಳುಗುಡಿಗಳನ್ನು ನೋಡಲು ಹೋಗುವವರು ಸಾಮಾನ್ಯವಾಗಿ 1565ರ ಜನವರಿಯಲ್ಲಿ ವಿಜಯನಗರ ಸೋತ ರಕ್ಕಸತಂಗಡಿ ಕಾಳಗವೊಂದನ್ನೇ ತಲೆಯಲ್ಲಿಟ್ಟುಕೊಂಡು ಹೋಗುತ್ತಾರೆ. ಅಲ್ಲಿ ಮುರಿದ ಪ್ರತಿ ಮೂಗಿಗೂ ಆ ಸೋಲೇ ಹೊಣೆ ಎಂಬ ನಂಬಿಕೆ ಗೈಡುಗಳ ಬಾಯಲ್ಲೂ ಶಾಲಾ ಪ್ರವಾಸದ ಟಿಪ್ಪಣಿಗಳಲ್ಲೂ ಬೇರುಬಿಟ್ಟಿದೆ. ಕೃಷ್ಣ ದೇವಸ್ಥಾನದ ಎದುರು ನಿಂತಾಗ ಈ ಲೆಕ್ಕ ತಪ್ಪುತ್ತದೆ.

ಗಜಪತಿ ಪ್ರತಾಪರುದ್ರನ ವಶದಲ್ಲಿದ್ದ ಉದಯಗಿರಿ ಕೋಟೆಯನ್ನು ಕೃಷ್ಣದೇವರಾಯ ದೀರ್ಘ ಮುತ್ತಿಗೆಯ ಬಳಿಕ 1514ರಲ್ಲಿ ಗೆದ್ದ. (ಇದು ಆಂಧ್ರದ ನೆಲ್ಲೂರು ಸೀಮೆಯ ಬೆಟ್ಟದ ಕೋಟೆ.) ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಗಾಗಿ 1515ರಲ್ಲಿ ಈ ಗುಡಿ ಎದ್ದಿತು, ಅಂಗಳದ ಶಾಸನ ಅದನ್ನೇ ಹೇಳುತ್ತದೆ. ಗೋಪುರದ ಗಾರೆಯಲ್ಲಿ ಗುರಾಣಿ ಹಿಡಿದ ಕಾಲಾಳುಗಳು, ಕುದುರೆಗಳು, ಆನೆಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಯುದ್ಧದಲ್ಲಿ ಹಾಳಾದ ಗುಡಿ ಹುಟ್ಟಿದ್ದೂ ಯುದ್ಧದಿಂದಲೇ. ಉದಯಗಿರಿಯಲ್ಲಿ ಬರಿದಾದ ಗರ್ಭಗುಡಿಗಾಗಿ ಹಂಪಿಯಲ್ಲಿ ಯಾರೂ ಮರುಗುವುದಿಲ್ಲ. ಆ ಮೂರ್ತಿ ಹಂಪಿಗೂ ದಕ್ಕಲಿಲ್ಲ; ಭಗ್ನವಾಗಿ ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಎಲ್ಲವೂ ಒಂದೇ ಏಟಿಗೆ ಉರುಳಿತು ಎನ್ನುವುದೂ ನಿಲ್ಲದ ಮಾತು. ಕಾಳಗವಾಗಿ ಎರಡು ವರ್ಷದ ಮೇಲೆ, 1567ರಲ್ಲಿ, ವೆನಿಸ್‌ನ ವರ್ತಕ ಸೀಸರ್ ಫ್ರೆಡರಿಕ್ ಬಂದಾಗ ಮನೆಗಳು ನಿಂತೇ ಇದ್ದವು. ಒಳಗೆ ಜನರಿರಲಿಲ್ಲ, ಹುಲಿಗಳಿದ್ದವು ಎಂದು ಬರೆದಿದ್ದಾನೆ. ರಾಜಧಾನಿ ಪೆನುಗೊಂಡೆಗೆ ಹೋಗಿ, ಕಾಯುವವರಿಲ್ಲದ ಊರನ್ನು ನಿಧಿಗಳ್ಳರು ತಲೆಮಾರುಗಟ್ಟಲೆ ಅಗೆದರು. ವಿರೂಪಾಕ್ಷನಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ, ವಿಠ್ಠಲನ ಗರ್ಭಗುಡಿ ಖಾಲಿ. ಸೈನಿಕರ ಸಿಟ್ಟೊಂದರಿಂದ ಈ ವ್ಯತ್ಯಾಸವನ್ನು ವಿವರಿಸಲಾಗದು.

ಮುರಿದದ್ದನ್ನು ಮತ್ತೆ ಕಟ್ಟಬೇಕೆ ಎಂಬ ಪ್ರಶ್ನೆಗೆ ಕೃಷ್ಣ ದೇವಸ್ಥಾನದ ಹತ್ತಿರದಲ್ಲೇ, 1528ರಲ್ಲಿ ಕಡೆದ ಉಗ್ರನರಸಿಂಹನಲ್ಲಿ ಒಂದು ಉತ್ತರವಿದೆ. ಸುಮಾರು 6.7 ಮೀಟರ್ ಎತ್ತರದ ಆ ಮೂರ್ತಿಯ ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಈಗಿಲ್ಲ. ಅವನನ್ನು ಬಳಸಿದ್ದ ಅವಳ ಕೈ ಮಾತ್ರ ಬೆನ್ನಿನ ಕಲ್ಲಿಗೆ ಅಂಟಿಕೊಂಡೇ ಇದೆ. ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುವವರಿಗೆ ಅದು ಕಾಣುವುದಿಲ್ಲ. ಪುರಾತತ್ವ ಇಲಾಖೆ ಮೊಣಕಾಲುಗಳಿಗೆ ಆಸರೆಯಾಗಿ ಕಲ್ಲಿನ ಯೋಗಪಟ್ಟಿ ಕೂರಿಸಿತು, ಲಕ್ಷ್ಮಿಯನ್ನು ಹೊಸದಾಗಿ ಕಡೆಸಲಿಲ್ಲ. ಸರಿಯಾಗಿಯೇ ಮಾಡಿತು. ಹೊಸ ಲಕ್ಷ್ಮಿ ಬಂದು ಕೂತಿದ್ದರೆ ಆ ಹಳೆಯ ಕೈ ಯಾರದ್ದೆಂದು ಕೇಳುವವರೇ ಇರುತ್ತಿರಲಿಲ್ಲ.