ಸರಾಸರಿ ಮಳೆಗೆ ಹೊಲ ಹದವಾಗುವುದಿಲ್ಲ

ಮುಂದಿನ ಹೊಸ ಚರ್ಮರೋಗ ಮೊದಲು ಎಲ್ಲಿ ಕಾಣಿಸಿಕೊಳ್ಳುತ್ತದೆಂದು ಯಾರೂ ಹೇಳಲಾರರು. ಹೊಳವನಹಳ್ಳಿಯ ರೈತನೊಬ್ಬನ ಸೊಂಟದ ಪಟ್ಟಿಯಲ್ಲೇ ಕಾಣಿಸಿಕೊಳ್ಳಬಹುದು. ಆತ ಮೊದಲು ಔಷಧಿ ಅಂಗಡಿಗೆ ಹೋಗುತ್ತಾನೆ, ಆಮೇಲೆ ಕೊರಟಗೆರೆಗೆ, ವಾಸಿಯಾಗದಿದ್ದರೆ ತುಮಕೂರಿಗೆ. ಈ ದಾರಿಯಲ್ಲಿ ಯಾರೋ ಒಬ್ಬ ವೈದ್ಯರು ‘ಇದು ಎಂದಿನಂತಿಲ್ಲ’ ಎಂದು ಗುರುತಿಸಬೇಕು, ಗುರುತಿಸಿದ್ದನ್ನು ಬರೆಯಬೇಕು, ಬರೆದದ್ದನ್ನು ಒಂದು ವೈದ್ಯಕೀಯ ಪತ್ರಿಕೆ ಅಚ್ಚು ಹಾಕಬೇಕು. ಈ ಮೂರರಲ್ಲಿ ಕೊನೆಯ ಎರಡು ಕೊಂಡಿಗಳು ಸಡಿಲಗೊಳ್ಳುವ ಸೂಚನೆಗಳು ಈಗಾಗಲೇ ಇವೆ. ಕಾರಣ ರೋಗವೂ ಅಲ್ಲ, ವೈದ್ಯರ ಕೊರತೆಯೂ ಅಲ್ಲ. ಪತ್ರಿಕೆಗಳನ್ನು ತೂಗಲು ನಾವು ಹಿಡಿದಿರುವ ತಕ್ಕಡಿ.

ಆ ತಕ್ಕಡಿಯ ಹೆಸರು ಇಂಪ್ಯಾಕ್ಟ್ ಫ್ಯಾಕ್ಟರ್. ಕನ್ನಡದಲ್ಲಿ ಪ್ರಭಾವಾಂಕ ಎನ್ನೋಣ. ಲೆಕ್ಕ ಸರಳ. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ್ದನ್ನು ಈ ವರ್ಷ ಬೇರೆ ಲೇಖನಗಳು ಎಷ್ಟು ಸಲ ಉಲ್ಲೇಖಿಸಿದವು ಎಂದು ಎಣಿಸಿ, ಆ ಎರಡು ವರ್ಷಗಳ ಸಂಶೋಧನಾ ಲೇಖನ ಮತ್ತು ಪರಾಮರ್ಶೆಗಳ ಸಂಖ್ಯೆಯಿಂದ ಭಾಗಿಸುವುದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಉಲ್ಲೇಖಗಳ ಸೂಚಿಯೊಂದರ ಕಲ್ಪನೆಯನ್ನು ಮುಂದಿಟ್ಟರು. ಅದು ಬೆಳೆದು, 1975ರಿಂದ ಪತ್ರಿಕೆಗಳ ವಾರ್ಷಿಕ ಪಟ್ಟಿಯಾಗಿ ಬರತೊಡಗಿತು. ಯಾವ ಪತ್ರಿಕೆಗೆ ಚಂದಾ ಕಟ್ಟಬೇಕೆಂದು ಗ್ರಂಥಪಾಲಕರು ತೀರ್ಮಾನಿಸಲು ನೆರವಾಗಲೆಂದು ಇದ್ದ ಸಾಧನ ಅದು. ಇಂದು ಅದೇ ಅಂಕಿಯಿಂದ ಪತ್ರಿಕೆಯ ಮಾನ, ಪ್ರಾಧ್ಯಾಪಕರ ಬಡ್ತಿ, ಕಾಲೇಜಿನ ಹೆಸರು ಎಲ್ಲವನ್ನೂ ಅಳೆಯುತ್ತಿದ್ದೇವೆ. ಗಾರ್ಫೀಲ್ಡ್ ಅವರೇ ಅದನ್ನು ಅಣುಶಕ್ತಿಗೆ ಹೋಲಿಸಿದ್ದರು: ಬಳಸುವವರ ಕೈ ನೋಡಿ ಒಳಿತೂ ಆಗಬಹುದು, ಕೆಡುಕೂ ಆಗಬಹುದು.

ನಮ್ಮ ಸೀಮೆಯವರಿಗೆ ಸರಾಸರಿಯ ಮೋಸ ಹೊಸದಲ್ಲ. ತುಮಕೂರು ಜಿಲ್ಲೆಗೆ ಇಷ್ಟು ಮಿಲಿಮೀಟರ್ ಮಳೆಯಾಯಿತೆಂದು ಪ್ರಕಟಣೆ ಹೊರಡುತ್ತದೆ. ಆ ಅಂಕಿ ನಂಬಿ ಪಾವಗಡದಲ್ಲಿ ಯಾರೂ ಕಡಲೆಕಾಯಿ ಬಿತ್ತುವುದಿಲ್ಲ. ಹೊಲಕ್ಕೆ ಹೋಗಿ, ಮಣ್ಣು ಕೆದಕಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಬೆರಳಿಟ್ಟು ನೋಡುತ್ತಾರೆ. ಪ್ರಭಾವಾಂಕವೂ ಇಂಥದೇ ಸರಾಸರಿ. ನೂರು ಲೇಖನಗಳ ಪೈಕಿ ಐದಕ್ಕೆ ಎಂಬತ್ತು ಉಲ್ಲೇಖ, ಉಳಿದ ತೊಂಬತ್ತೈದಕ್ಕೆ ಒಟ್ಟು ಇಪ್ಪತ್ತು ಬಂದರೂ ಅಂಕ 1 ಎಂದೇ ಬರುತ್ತದೆ. ಇದು ಬರೀ ಊಹೆಯ ಲೆಕ್ಕವಲ್ಲ. ಹರಳುಗಳ ರಚನೆಗೆ ಮೀಸಲಾದ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಪತ್ರಿಕೆಯ ಪ್ರಭಾವಾಂಕ 2009ರಲ್ಲಿ ಎರಡರ ಆಸುಪಾಸಿನಿಂದ ಒಮ್ಮೆಲೇ 49.9ಕ್ಕೆ ಜಿಗಿಯಿತು. ಹಿಂದಿನ ವರ್ಷ ಜಾರ್ಜ್ ಶೆಲ್ಡ್ರಿಕ್ ಬರೆದ, ಎಲ್ಲರೂ ಬಳಸುವ ಕಂಪ್ಯೂಟರ್ ಪ್ರೋಗ್ರಾಮೊಂದರ ಕುರಿತ ಒಂದೇ ಲೇಖನ ಅದಕ್ಕೆ ಕಾರಣ. ಉಳಿದ ಲೇಖಕರು ಆ ವರ್ಷ ಇಪ್ಪತ್ತೈದು ಪಾಲು ಜಾಣರಾಗಿರಲಿಲ್ಲ.

ಈಗ ನಮ್ಮ ಚರ್ಮದ ಮಾತಿಗೆ ಬರೋಣ. ಹುಳುಕಡ್ಡಿ, ಕೆಲವರು ಗಜಕರ್ಣ ಎನ್ನುವ ಶಿಲೀಂಧ್ರ ಸೋಂಕು, ಒಂದು ಕಾಲದಲ್ಲಿ ಮುಲಾಮು ಹಚ್ಚಿದರೆ ಕೆಲವು ವಾರಗಳಲ್ಲಿ ಮಾಯುತ್ತಿತ್ತು. ಕಳೆದ ದಶಕದಲ್ಲಿ ಅದು ಹಟಮಾರಿಯಾಯಿತು. ಮನೆಮಂದಿಗೆಲ್ಲ ಹಬ್ಬುವುದು, ಮಾತ್ರೆ ನುಂಗಿದರೂ ಮರುಕಳಿಸುವುದು ಹೆಚ್ಚಿತು. 2016ರಲ್ಲಿ ಸುನಿಲ್ ದೋಗ್ರಾ ಮತ್ತು ಶೌರ್ಯ ಉಪ್ರೇತಿ ಒಂದು ಸಂಪಾದಕೀಯ ಬರೆದು, ಈ ಸಮಸ್ಯೆ ನಾವು ತಿಳಿದದ್ದಕ್ಕಿಂತ ಆಳವಾಗಿದೆಯೇ ಎಂದು ಕೇಳಿದರು. ಅದನ್ನು ಪ್ರಕಟಿಸಿದ್ದು ‘ಇಂಡಿಯನ್ ಡರ್ಮಟಾಲಜಿ ಆನ್‌ಲೈನ್ ಜರ್ನಲ್’. ದೇಶದ ಚರ್ಮ, ಲೈಂಗಿಕ ರೋಗ ಮತ್ತು ಕುಷ್ಠ ತಜ್ಞರ ಸಂಘವಾದ ಐಎಡಿವಿಎಲ್ 2010ರಲ್ಲಿ ಆರಂಭಿಸಿದ ಈ ಪತ್ರಿಕೆಗೆ ಆಗ ಪ್ರಭಾವಾಂಕವೇ ಇರಲಿಲ್ಲ. ನಾಲ್ಕು ವರ್ಷದ ಬಳಿಕ, 2020ರಲ್ಲಿ, ಜಪಾನಿನ ಸಂಶೋಧಕರು ಅಲ್ಲಿದ್ದ ಭಾರತೀಯ ಮತ್ತು ನೇಪಾಳಿ ರೋಗಿಗಳಿಂದ ಟರ್ಬಿನಾಫಿನ್ ಔಷಧಕ್ಕೆ ಬಗ್ಗದ ಹೊಸ ಶಿಲೀಂಧ್ರವನ್ನು ಬೇರ್ಪಡಿಸಿ ‘ಟ್ರೈಕೋಫೈಟಾನ್ ಇಂಡೋಟೀನಿಯೆ’ ಎಂದು ಹೆಸರಿಟ್ಟರು. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನ್ಯೂಯಾರ್ಕ್‌ನ ಇಬ್ಬರು ರೋಗಿಗಳಲ್ಲಿ ಅದನ್ನು ಗುರುತಿಸಿ ಪ್ರಕಟಣೆ ಹೊರಡಿಸಿತು. ಜಗತ್ತು ಬೆಚ್ಚುವ ಏಳು ವರ್ಷ ಮೊದಲೇ ನಮ್ಮ ಅಂಕಹೀನ ಪತ್ರಿಕೆ ಗಂಟೆ ಬಾರಿಸಿತ್ತು.

ಇಂಥದೇ ಇನ್ನೊಂದು ಕತೆ ಮುಖಕ್ಕೆ ಹಚ್ಚುವ ಸ್ಟೆರಾಯ್ಡ್ ಮುಲಾಮಿನದು. ಬಂಗು ಹೋಗಲಿ, ಬೆಳ್ಳಗಾಗಲಿ ಎಂದು ಚೀಟಿಯಿಲ್ಲದೆ ಕೊಂಡ ಟ್ಯೂಬು ತಿಂಗಳುಗಟ್ಟಲೆ ಮುಖ ಸವರಿ, ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೆ ಉರಿಯುವ ಸ್ಥಿತಿಗೆ ತಂದದ್ದು ಎಲ್ಲ ಹೋಬಳಿಗಳಲ್ಲೂ ಗೊತ್ತು. ಇದನ್ನು ಮೊದಲು ಅಂಕಿಗಳಲ್ಲಿ ಹಿಡಿದವರಲ್ಲಿ ಅಬೀರ್ ಸಾರಸ್ವತ್ ಮತ್ತು ಸಂಗಡಿಗರು ಸೇರಿದ್ದಾರೆ. ಅವರ ಅಧ್ಯಯನ 2011ರಲ್ಲಿ ಐಎಡಿವಿಎಲ್‌ನ ಮುಖ್ಯ ಪತ್ರಿಕೆ ‘ಐಜೆಡಿವಿಎಲ್’ನಲ್ಲಿ ಬಂತು. ಮುಖದ ಚರ್ಮದ ತೊಂದರೆಯಿದ್ದ 2,926 ರೋಗಿಗಳಲ್ಲಿ 433 ಮಂದಿ, ಎಂದರೆ ಶೇ 14.8ರಷ್ಟು ಜನ, ಸ್ಟೆರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಹತ್ತಕ್ಕೆ ಸುಮಾರು ಆರು ಮಂದಿಗೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ. ಸಂಘ ಈ ದುರ್ಬಳಕೆಯ ವಿರುದ್ಧ ಕಾರ್ಯಪಡೆ ಕಟ್ಟಿ ವರ್ಷಗಟ್ಟಲೆ ಹೋರಾಡಿತು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ, ‘ಶೆಡ್ಯೂಲ್ ಎಚ್’ಗೆ, ಸೇರಿಸಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ನಿಜ. ಆದರೂ ಬಾಗಿಲಂತೂ ಬಿತ್ತು. ಪ್ರಭಾವಾಂಕ ಎಣಿಸುವುದು ಒಂದು ಲೇಖನ ಮತ್ತೊಂದನ್ನು ನೆನೆದದ್ದನ್ನು. ಔಷಧಿ ಅಂಗಡಿಯಲ್ಲಿ ‘ಚೀಟಿ ತನ್ನಿ’ ಎಂಬ ಮಾತು ಹುಟ್ಟಿದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಎರಡು ವರ್ಷದ ಕಿಟಕಿಯೂ ನಮ್ಮ ರೋಗಗಳಿಗೆ ಕಿರಿದು. ಕಾಂಗ್ರೆಸ್ ಗಿಡ, ಪಾರ್ಥೇನಿಯಂ, ನಮ್ಮ ಬದುಗಳನ್ನು ಮುಚ್ಚಿರುವುದನ್ನು ನೋಡದವರಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಾದ ಈ ಕಳೆ ಮುಖ, ಕುತ್ತಿಗೆ, ರೆಪ್ಪೆಗಳ ಮೇಲೆ ತುರಿಕೆ ಎಬ್ಬಿಸುತ್ತದೆಂದು ಲೋಣ್ಕರ್ ಮತ್ತು ಸಂಗಡಿಗರು 1974ರಲ್ಲಿ ಲಂಡನ್ನಿನ ಸೇಂಟ್ ಜಾನ್ಸ್ ಆಸ್ಪತ್ರೆಯ ಚರ್ಮವೈದ್ಯ ಸಂಘದ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಬ್ಬರಾವ್ ಮತ್ತು ಜೊತೆಗಾರರು 1977ರಲ್ಲಿ ಅದೇ ಅಲರ್ಜಿಯ ಬೇರು ಹುಡುಕಿ ಬರೆದರು. ಸೇಂಟ್ ಜಾನ್ಸ್ ಪತ್ರಿಕೆ ಆ ಹೆಸರಿನಲ್ಲಿ ಈಗ ಇಲ್ಲ. ಆದರೆ ಇಂದಿಗೂ ಬದುವಿನಲ್ಲಿ ಕಳೆ ಕಿತ್ತು ಮುಖ ಊದಿಸಿಕೊಂಡು ಬಂದವರಿಗೆ ‘ಗಿಡದ ಹತ್ತಿರ ಹೋಗಬೇಡ’ ಎಂದು ವೈದ್ಯರು ಹೇಳುವ ಮಾತಿನ ಹಿಂದೆ ಆ ಪುಟಗಳಿವೆ. ಕುಷ್ಠದ ವಿಷಯವೂ ಹಾಗೇ. ವರ್ಷಗಟ್ಟಲೆ ಒಳಗೇ ಹೊಂಚು ಹಾಕುವ ರೋಗದ ಮೇಲಿನ ಬರಹಕ್ಕೆ ಇಪ್ಪತ್ನಾಲ್ಕು ತಿಂಗಳಲ್ಲಿ ಫಲ ಕೇಳಿದರೆ, ತೆಂಗಿನ ಸಸಿ ನೆಟ್ಟು ಎರಡನೇ ವರ್ಷಕ್ಕೆ ಕಾಯಿ ಕೇಳಿದಂತೆ.

ಅಂಕ ಲೆಕ್ಕಿಸದಿದ್ದರೂ ಇಂಥ ಬರಹಗಳು ಕೆಲಸ ಮಾಡಿವೆಯಲ್ಲ, ಹಾಗಾದರೆ ಎಚ್ಚರಿಕೆ ಏಕೆ? ಅಂಕದ ಬೆನ್ನು ಹತ್ತಿದ ಪತ್ರಿಕೆ ಏನು ಮಾಡುತ್ತದೆಂದು ನೋಡಿ. ಒಬ್ಬ ರೋಗಿಯ ವರದಿಗೆ ಉಲ್ಲೇಖ ಸಿಗುವುದು ಅಪರೂಪ. ಅದು ಭಾಜಕವನ್ನು ಉಬ್ಬಿಸಿ ಅಂಕ ತಗ್ಗಿಸುತ್ತದೆ. ಆದ್ದರಿಂದ ಅಂಥ ವರದಿಗಳನ್ನು ಕಡಿಮೆ ಮಾಡಿ, ಹೆಚ್ಚು ಉಲ್ಲೇಖ ತರುವ ಪರಾಮರ್ಶೆಗಳನ್ನು ತುಂಬುವ ಆಸೆ ಯಾವ ಸಂಪಾದಕನಿಗೂ ಸಹಜ. ಯಾವ ಬರಹವನ್ನು ಭಾಜಕಕ್ಕೆ ಸೇರಿಸಬೇಕೆಂಬ ಮಾತುಕತೆಯೇ ಅಂಕವನ್ನು ಎಷ್ಟು ಕುಣಿಸಬಲ್ಲದೆಂದು ‘ಪ್ಲಾಸ್ ಮೆಡಿಸಿನ್’ ಪತ್ರಿಕೆ 2006ರಲ್ಲಿ ತನ್ನ ಅನುಭವವನ್ನೇ ಬಹಿರಂಗವಾಗಿ ಬರೆಯಿತು: ಮೂರಕ್ಕಿಂತ ಕೆಳಗಿನಿಂದ ಹನ್ನೊಂದರವರೆಗೆ. ಇದೇ ವ್ಯವಸ್ಥೆಯನ್ನು ಅಣಕಿಸಲು ಇನ್ನೊಂದು ಪತ್ರಿಕೆ 2007ರಲ್ಲಿ ತನ್ನ ಹಿಂದಿನ ಎರಡು ವರ್ಷದ ಲೇಖನಗಳನ್ನೆಲ್ಲ ಒಂದೇ ಸಂಪಾದಕೀಯದಲ್ಲಿ ಉಲ್ಲೇಖಿಸಿತು. ಅಂಕ 0.66ರಿಂದ 1.44ಕ್ಕೆ ಏರಿತು, ಪತ್ರಿಕೆಯನ್ನು ಮುಂದಿನ ಪಟ್ಟಿಗಳಿಂದ ಕೈಬಿಡಲಾಯಿತು. ಅಣಕಿಸಿದವರು ಶಿಕ್ಷೆ ಉಂಡರು, ಅಳತೆಗೋಲು ಹಾಗೆಯೇ ಉಳಿಯಿತು.

ಬರೆಯುವವರ ಕಡೆಯೂ ಒತ್ತಡವಿದೆ. ವೈದ್ಯಕೀಯ ಬೋಧಕರ ಬಡ್ತಿಗೆ ಒಪ್ಪುವ ಬರಹಗಳೆಂದು 2020ರ ನಿಯಮ ಹೆಸರಿಸಿದ್ದು ನಾಲ್ಕನ್ನು: ಮೂಲ ಸಂಶೋಧನೆ, ಮೆಟಾ ಅನಾಲಿಸಿಸ್, ವ್ಯವಸ್ಥಿತ ಪರಾಮರ್ಶೆ, ಹಲವು ರೋಗಿಗಳ ಸರಣಿ ವರದಿ. ಒಬ್ಬನೇ ರೋಗಿಯ ವರದಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಅಂಥ ವರದಿಗಳಲ್ಲಿ ಜೊಳ್ಳು ಬಹಳವಿತ್ತೆಂಬುದು ಸತ್ಯ. ಆದರೆ ಏಡ್ಸ್ ಎಂಬ ಹೆಸರು ಹುಟ್ಟುವ ಮೊದಲು, 1981ರಲ್ಲಿ, ಅದನ್ನು ಜಗತ್ತಿಗೆ ತೋರಿಸಿದ್ದು ಐವರು ರೋಗಿಗಳ ಒಂದು ಪುಟ್ಟ ಟಿಪ್ಪಣಿ, ಅದರ ಬೆನ್ನಿಗೆ ಬಂದ ಇಪ್ಪತ್ತಾರು ಚರ್ಮದ ಗಡ್ಡೆ ರೋಗಿಗಳ ವರದಿ. ಮೊದಲ ಸುಳಿವು ಯಾವಾಗಲೂ ಸಣ್ಣದಾಗಿಯೇ ಬರುತ್ತದೆ. ಬಡ್ತಿಗೆ ಬಾರದ್ದನ್ನು ರಾತ್ರಿ ಕೂತು ಬರೆಯಲು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಯಾವ ಹುರುಪು ಉಳಿಯುತ್ತದೆ? ಬರೆಯಲೇಬೇಕಾದವರನ್ನು ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳು ಕಾಯುತ್ತಿರುತ್ತವೆ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಮಾನ್ಯ ಪಟ್ಟಿಯಿಂದ ಒಂದೇ ಏಟಿಗೆ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಅಷ್ಟು ಹೊತ್ತಿಗೆ ಅವುಗಳಲ್ಲಿ ಬಂದ ಬರಹಗಳು ಎಷ್ಟೋ ಕಡತಗಳಲ್ಲಿ ಅಂಕವಾಗಿ ಕುಳಿತಾಗಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಅಂಕಿಯೇ ಬೇಡವೆಂದರೆ ಆ ಜಾಗದಲ್ಲಿ ಶಿಫಾರಸು ಬಂದು ಕೂರುತ್ತದೆ. ಬಲವಿಲ್ಲದ ಊರಿನ, ಬಲವಿಲ್ಲದ ಮನೆಯ ಅಭ್ಯರ್ಥಿಗೆ ಸಂಖ್ಯೆಯೇ ಒಮ್ಮೊಮ್ಮೆ ರಕ್ಷೆ. ಮಳೆಮಾಪಕವನ್ನು ಎಸೆಯಿರಿ ಎಂದು ನಾವು ಹೇಳುತ್ತಿಲ್ಲ. ಅದೊಂದನ್ನೇ ನೋಡಿ ಬಿತ್ತಬೇಡಿ ಎನ್ನುತ್ತಿದ್ದೇವೆ. 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು ಮತ್ತು ಪ್ರಕಾಶಕರ ಚರ್ಚೆಯಿಂದ ಹುಟ್ಟಿದ ಘೋಷಣೆ ಹೇಳಿದ್ದೂ ಇದನ್ನೇ: ಪತ್ರಿಕೆಯ ಅಂಕದಿಂದ ಲೇಖನವನ್ನಾಗಲಿ ಲೇಖಕನನ್ನಾಗಲಿ ತೂಗಬಾರದು.

ಈಗಲೇ ಮಾಡಬಹುದಾದ ಕೆಲಸಗಳಿವೆ. ಐಎಡಿವಿಎಲ್‌ನ ಕರ್ನಾಟಕ ಶಾಖೆ 2017ರಿಂದ ‘ಕ್ಲಿನಿಕಲ್ ಡರ್ಮಟಾಲಜಿ ರಿವ್ಯೂ’ ಎಂಬ ಸ್ವಂತ ಪತ್ರಿಕೆ ತರುತ್ತಿದೆ. ಎಳೆಯ ಪತ್ರಿಕೆಗೆ ಅಂಕದ ಓಟಕ್ಕೆ ಇಳಿಯುವ ಆಸೆ ಬರುವುದು ಇದೇ ವಯಸ್ಸಿನಲ್ಲಿ. ಅದು ಬೇರೆ ದಾರಿ ಹಿಡಿಯಬಹುದು. ಪ್ರತಿ ಸಂಚಿಕೆಯಲ್ಲಿ ತಾಲ್ಲೂಕು ವೈದ್ಯರ ಒಂದು ಪುಟದ ‘ಎಂದಿನಂತಿಲ್ಲ’ ಟಿಪ್ಪಣಿಗಳಿಗೆ ಜಾಗ ಮೀಸಲಿಡಲಿ, ಅದಕ್ಕೆ ಶುಲ್ಕ ಬೇಡ. ವರ್ಷಕ್ಕೊಮ್ಮೆ ಅಂಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಪ್ರಕಟಿಸಲಿ: ಎಷ್ಟು ಬರಹ ಮಧುಗಿರಿ, ಶಿರಾ, ಪಾವಗಡದಂಥ ಊರುಗಳಿಂದ ಬಂದವು, ಯಾವುದು ಚಿಕಿತ್ಸಾ ಮಾರ್ಗಸೂಚಿಯನ್ನು ಸೇರಿತು, ಯಾವುದರಿಂದ ಆರೋಗ್ಯ ಇಲಾಖೆಯ ಸುತ್ತೋಲೆ ಹೊರಟಿತು. ಮುಖ್ಯ ಲೇಖನಗಳಿಗೆ ಕನ್ನಡದಲ್ಲಿ ಹತ್ತು ಸಾಲಿನ ಸಾರ ಇರಲಿ. ಆಶಾ ಕಾರ್ಯಕರ್ತೆಯೂ ಔಷಧಿ ಅಂಗಡಿಯವನೂ ಓದುವಂತಿರಲಿ. ಆಯ್ಕೆ ಸಮಿತಿಗಳು ಪಟ್ಟಿಯ ಉದ್ದ ಎಣಿಸುವ ಬದಲು ಅಭ್ಯರ್ಥಿಯ ಎರಡು ಒಳ್ಳೆಯ ಬರಹಗಳನ್ನು ಕೇಳಿ, ಕೂತು ಓದಲಿ. ಓದುವುದು ಎಣಿಸುವುದಕ್ಕಿಂತ ಕಷ್ಟ. ಸಮಿತಿಗೆ ಭತ್ಯೆ ಕೊಡುವುದು ಆ ಕಷ್ಟಕ್ಕೇ.

ಹೊಳವನಹಳ್ಳಿಯ ರೈತನಿಗೆ ಇದ್ಯಾವುದೂ ಗೊತ್ತಾಗಬೇಕಿಲ್ಲ. ಅವನು ಸೊಂಟದ ಪಟ್ಟಿ ಸರಿಸಿ ತೋರಿಸಿದಾಗ, ಎದುರಿಗಿರುವ ವೈದ್ಯರ ಮೇಜಿನ ಮೇಲೆ ಚೀಟಿಯ ಜೊತೆಗೆ ಇನ್ನೊಂದು ಹಾಳೆ ಇರಬೇಕು, ಆ ಹಾಳೆಗೆ ಒಂದು ವಿಳಾಸ ಇರಬೇಕು. ಇಂದು ಆ ವಿಳಾಸ ಇನ್ನೂ ಇದೆ. ನಾವು ಹಿಡಿದಿರುವ ತಕ್ಕಡಿ ಬದಲಾಗದಿದ್ದರೆ ಮುಂದಿನ ಹುಳುಕಡ್ಡಿಯ ಸುದ್ದಿ ನಮಗೆ ನ್ಯೂಯಾರ್ಕ್‌ನಿಂದಲೇ ಬರುತ್ತದೆ.