ಬುತ್ತಿ ಕಟ್ಟಿಕೊಂಡ ದಿನಗಳು

2026ರ ಜನವರಿ 6ರಂದು ರೋಮಿನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ಬಾಗಿಲು ಮುಚ್ಚಿತು. ‘ಭರವಸೆಯ ಯಾತ್ರಿಕರು’ ಎಂಬ ಧ್ಯೇಯವಾಕ್ಯದ ಜೂಬಿಲಿ ವರ್ಷ ಅಲ್ಲಿಗೆ ಮುಗಿಯಿತು. ಅದನ್ನು ಸಾರಿದ ಪೋಪ್ ಫ್ರಾನ್ಸಿಸ್ ವರ್ಷದ ನಡುವೆಯೇ, ಈಸ್ಟರ್‌ನ ಮಾರನೆಯ ದಿನ ತೀರಿಕೊಂಡರು; ಬಾಗಿಲು ಮುಚ್ಚಿದ್ದು ಅವರ ಉತ್ತರಾಧಿಕಾರಿ ಹದಿನಾಲ್ಕನೆಯ ಲಿಯೋ. ಭರವಸೆಯ ಬಗ್ಗೆ ವರ್ಷವಿಡೀ ಪ್ರಸಂಗ ಕೇಳಿದ ಮೇಲೆ, ಆ ಭರವಸೆ ನಮ್ಮ ಕಷ್ಟಕಾಲದಲ್ಲಿ ಎಷ್ಟರ ಮಟ್ಟಿಗೆ ಕೈಹಿಡಿಯಿತು ಎಂದು ಲೆಕ್ಕ ನೋಡಿಕೊಳ್ಳಲು ಇದು ತಕ್ಕ ಸಮಯ.

ದಕ್ಷಿಣ ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಕುಳಿತು ಈ ಲೆಕ್ಕ ನೋಡುವವರಿಗೆ 2020ರ ತಪಸ್ಸುಕಾಲವೇ ಮೊದಲು ನೆನಪಾಗುತ್ತದೆ. ಆ ವರ್ಷ ಬೂದಿ ಬುಧವಾರ ಫೆಬ್ರವರಿ 26ಕ್ಕೆ ಬಂದಿತ್ತು. ಎಂದಿನಂತೆ ಹಣೆಗೆ ಬೂದಿ, ಶುಕ್ರವಾರಗಳಂದು ಶಿಲುಬೆ ಹಾದಿ. ಎಷ್ಟೋ ಧರ್ಮಕೇಂದ್ರಗಳು ತಪಸ್ಸುಕಾಲದ ಧ್ಯಾನಕೂಟಕ್ಕೆ ಬೋಧಕರನ್ನು ಗೊತ್ತುಮಾಡಿಯೂ ಆಗಿತ್ತು. ಒಂದು ತಿಂಗಳು ತುಂಬುವುದರೊಳಗೆ, ಕೋವಿಡ್‌ಗೆ ಹೆದರಿ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಏಪ್ರಿಲ್ 12ರ ಈಸ್ಟರ್ ಪೂಜೆಯನ್ನು ಜನ ಮೊಬೈಲ್‌ನಲ್ಲಿ ನೋಡಿದರು. ಕನಕಪುರ ರಸ್ತೆಯಿಂದ ಕೆಂಗೇರಿಯ ಕಡೆಗೆ ಹಬ್ಬಿದ ಈ ಭಾಗದ ಅಪಾರ್ಟ್‌ಮೆಂಟುಗಳಲ್ಲಿ, ವಠಾರಗಳಲ್ಲಿ, ಅಂಗಡಿಯ ಮೇಲಿನ ಮಹಡಿಯಲ್ಲಿ ಸಭೆ ನಡೆಸುತ್ತಿದ್ದ ಸಣ್ಣ ಪ್ರಾರ್ಥನಾ ಮನೆಗಳಲ್ಲಿ ಹಾಡು ನಿಂತಿತು. ಮರುವರ್ಷ ಏಪ್ರಿಲ್‌–ಮೇ ತಿಂಗಳ ಎರಡನೆಯ ಅಲೆ ಇನ್ನೂ ಕ್ರೂರ. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ, ಕೊನೆಗೆ ಮಣ್ಣು ಮಾಡಲು ಜಾಗಕ್ಕಾಗಿ ಸರದಿ. ಬೆಂಗಳೂರು ಮಹಾಧರ್ಮಕ್ಷೇತ್ರದ ಆಸರೆಯಲ್ಲಿ ‘ಮರ್ಸಿ ಏಂಜೆಲ್ಸ್’ ಎಂಬ ಸ್ವಯಂಸೇವಕರ ತಂಡ, ಹತ್ತಿರದವರೂ ಮುಟ್ಟಲು ಹೆದರುತ್ತಿದ್ದ ದೇಹಗಳನ್ನು ಜಾತಿ ಮತ ಕೇಳದೆ ಹೊತ್ತು ಸಂಸ್ಕಾರ ಮಾಡಿತು.

ಆ ದಿನಗಳಲ್ಲಿ ಗಂಡನನ್ನು ಕಳೆದುಕೊಂಡ ನಮ್ಮ ನೆರೆಯ ತಾಯಿಯೊಬ್ಬರು ಆಮೇಲೆ ಹೇಳಿದ ಮಾತು ಈ ಲೇಖನದ ಬೀಜ. ಮುಖವನ್ನೂ ನೋಡಲಾಗಲಿಲ್ಲ ಎಂದರು. ಪ್ರಾರ್ಥನೆ ಮಾಡಲು ಬಾಯೇ ಬರಲಿಲ್ಲ, ದೇವರ ಮೇಲೆ ಸಿಟ್ಟು ಬಂದಿತ್ತು. ಆದರೆ ಹಲವು ವರ್ಷಗಳ ಹಿಂದೆ ಒಂದು ಧ್ಯಾನಕೂಟದಲ್ಲಿ, ಪರಮಪ್ರಸಾದದ ಮುಂದೆ ಕುಳಿತಾಗ, ತಾನು ಯಾರಿಗೋ ಬೇಕಾದವಳು ಎಂಬುದು ಎಲುಬಿಗೆ ಇಳಿಯುವಷ್ಟು ಖಚಿತವಾಗಿತ್ತಂತೆ. “ಅದು ಸುಳ್ಳು ಅಂತ ಹೇಳೋಕೆ ಆಗಲಿಲ್ಲ ನೋಡಿ. ಅಷ್ಟೇ. ಅದೊಂದನ್ನೇ ಹಿಡ್ಕೊಂಡಿದ್ದೆ.” ಜಪಸರ ಕೈಗೆತ್ತಿಕೊಳ್ಳಲು ಅವರಿಗೆ ಎಷ್ಟೋ ತಿಂಗಳು ಬೇಕಾಯಿತು. ಅದನ್ನು ಅವರು ಮುಚ್ಚಿಡಲಿಲ್ಲ.

ನಮ್ಮ ವಾದವೂ ಇದೇ. ಆಳವಾದ ದೈವಾನುಭವ ಕಷ್ಟವನ್ನು ತಡೆಯುವುದಿಲ್ಲ, ಬಂದ ಕಷ್ಟವನ್ನು ಹಗುರ ಮಾಡುತ್ತದೆಂಬ ಖಾತರಿಯೂ ಇಲ್ಲ. ಅದು ದಾರಿಗೆ ಕಟ್ಟಿಕೊಟ್ಟ ಬುತ್ತಿ. ಕಟ್ಟುವಾಗ ಹಸಿವಿರುವುದಿಲ್ಲ, ಬಿಚ್ಚುವ ಹೊತ್ತಿಗೆ ಕಟ್ಟಿಕೊಟ್ಟವರು ಕಣ್ಣೆದುರು ಇರುವುದಿಲ್ಲ.

ಇದನ್ನು ಶಿಸ್ತಾಗಿ ಬರೆದಿಟ್ಟವರಲ್ಲಿ ಮುಖ್ಯರು ಲೊಯೋಲಾದ ಇಗ್ನಾಸಿಯವರು. 1521ರ ಮೇ 20ರಂದು ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಸೈನಿಕ ಆತ. ಹಾಸಿಗೆ ಹಿಡಿದಿದ್ದಾಗ ಮನಸ್ಸು ತಿರುಗಿತು. ಮರುವರ್ಷ ಮನ್ರೇಸಾ ಎಂಬ ಊರಲ್ಲಿ, ಕಾರ್ಡೊನೆರ್ ನದಿಯ ದಡದಲ್ಲಿ ಆದ ಅನುಭವದ ಬೆಳಕು ಆತನ ಉಳಿದ ಬದುಕಿಗೆಲ್ಲ ಸಾಕಾಯಿತು. ಆದರೆ ಅದೇ ಮನ್ರೇಸಾದಲ್ಲೇ ಆತ ಪಾಪಭೀತಿಯಿಂದ ನರಳಿ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದ. ಹಾಗಾಗಿಯೇ ಆತನ ‘ಆಧ್ಯಾತ್ಮಿಕ ಸಾಧನೆ’ಯ ನಿಯಮಗಳು ಗಾಳಿಯಲ್ಲಿ ಹುಟ್ಟಿದವಲ್ಲ. ಮನಸ್ಸು ತುಂಬಿ ಹರಿಯುವಾಗಲೇ ಮುಂದೆ ಬರುವ ಬರಗಾಲವನ್ನು ನೆನೆ, ಈಗಲೇ ಬಲ ಕೂಡಿಸಿಟ್ಟುಕೋ ಎಂಬುದು ಒಂದು. ಬರಗಾಲದಲ್ಲಿ, ಒಳ್ಳೆಯ ದಿನಗಳಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬೇಡ ಎಂಬುದು ಇನ್ನೊಂದು. ಮಂಗಳೂರು ಕಂಕನಾಡಿಯ ಫಾತಿಮಾ ಧ್ಯಾನಮಂದಿರದಂಥ ಯೇಸುಸಭೆಯ ಮನೆಗಳಲ್ಲಿ ಈ ಸಾಧನೆಯನ್ನು ಇಂದಿಗೂ ಮಾಡಿಸುತ್ತಾರೆ.

ಒಬ್ಬ ವ್ಯಕ್ತಿಗೆ ಸಲ್ಲುವ ಮಾತು ಒಂದಿಡೀ ಜನಕ್ಕೆ ಸಲ್ಲುತ್ತದೆಯೆ? ಕನ್ನಡ ನಾಡಿನಲ್ಲೇ ಅದಕ್ಕೊಂದು ದೊಡ್ಡ ಪರೀಕ್ಷೆ ನಡೆದಿದೆ. ಎರಡನೆಯ ಆಂಗ್ಲೋ–ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ, 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕೊಂಕಣಿ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸಮುದಾಯದ ನೆನಪಿನಲ್ಲಿ ಅದು ನಡೆದದ್ದು ಬೂದಿ ಬುಧವಾರ. ಎಷ್ಟು ಮಂದಿ ಎಂಬುದಕ್ಕೆ ಒಬ್ಬೊಬ್ಬ ಇತಿಹಾಸಕಾರ ಒಂದೊಂದು ಲೆಕ್ಕ ಕೊಡುತ್ತಾನೆ. ಹತ್ತಾರು ಸಾವಿರ ಎಂಬುದರಲ್ಲಿ ತಕರಾರಿಲ್ಲ. ಹೆಂಗಸರು ಮಕ್ಕಳ ಸಮೇತ ಘಟ್ಟ ಹತ್ತಿಸಿದರು. ದಾರಿಯಲ್ಲೇ ಸತ್ತವರು ಅನೇಕರು. ಬಹುತೇಕ ಚರ್ಚುಗಳು ನೆಲಸಮವಾದವು. ಗುರುಗಳಿಲ್ಲ, ಪೂಜೆಯಿಲ್ಲ, ಅನೇಕರಿಗೆ ಬಲವಂತದ ಮತಾಂತರ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸಾಯುವವರೆಗೆ, ಹದಿನೈದು ವರ್ಷ ಹೀಗೆಯೇ. ಈ ಇತಿಹಾಸವನ್ನು ಇಂದಿನ ರಾಜಕೀಯದ ಬೆಂಕಿಗೆ ಸೌದೆಯಾಗಿ ಬಳಸುವವರಿದ್ದಾರೆ. ನಮಗೆ ಆ ಉದ್ದೇಶವಿಲ್ಲ. ಅನುಭವಿಸಿದವರ ಒಳಗೆ ಏನು ಉಳಿಯಿತು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಸೆರೆ ಮುಗಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಪುಸ್ತಕವನ್ನು ಬಲ್ಲವರು ಬಹಳ, 1823ರಲ್ಲಿ ಅಚ್ಚಾದ ಅವರ ಪತ್ರಗಳನ್ನು ಓದಿದವರು ಕಡಿಮೆ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದುನಿಂತು ತನ್ನ ವಿಶ್ವಾಸವನ್ನು ಸಾರಿ ಪ್ರಾಣ ಕೊಡಲಿಲ್ಲವಲ್ಲ ಎಂದು ಅವರು ಅಲ್ಲಿ ಕಹಿಯಾಗಿ ಹಲುಬಿದ್ದಾರೆ. ಅವರ ದುಃಖವನ್ನು ನಾವು ಗೌರವಿಸುತ್ತೇವೆ, ತೀರ್ಪನ್ನು ಒಪ್ಪುವುದಿಲ್ಲ. ಕತ್ತಿಯ ಮುಂದೆ ಬಾಯಿ ಮುಚ್ಚಿದ ಆ ಜನ ದಾರಿ ತೆರೆದ ಕೂಡಲೇ ಮಾಡಿದ್ದೇನು? ಸಾವಿರ ಸಾವಿರ ಮಂದಿ ದುಬಾಯ್ ಅವರಂಥ ಗುರುಗಳ ಬಳಿ ಬಂದು ಮತ್ತೆ ಸಭೆ ಸೇರಿದರು, ಘಟ್ಟ ಇಳಿದರು, ಪಾಳುಬಿದ್ದ ಚರ್ಚುಗಳನ್ನು ಕಟ್ಟಿಕೊಂಡರು. ಹದಿನೈದು ವರ್ಷ ಎಂದರೆ ಸೆರೆಯಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದರು. ಅವರಿಗೆ ಮರಳಿ ಹೋಗಲು ಒಂದು ಊರಿದೆ, ಒಂದು ಪ್ರಾರ್ಥನೆ ಇದೆ ಎಂದು ಯಾರೋ ಕತ್ತಲಲ್ಲಿ ಹೇಳಿಕೊಟ್ಟಿರಲೇಬೇಕು.

ಏನನ್ನು ಹೇಳಿಕೊಟ್ಟಿದ್ದಾರು? ಫರಂಗಿಪೇಟೆಯ ಮೊಂತೆ ಮಾರಿಯಾನೊ ಗುಡ್ಡದ ಮೇಲೆ, ಸೆರೆಗೂ ಮೊದಲೇ, ಫಾದರ್ ಜೋಕಿಂ ಮಿರಾಂಡಾ ಎಂಬ ಗುರುಗಳು ಮಾತೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಹೊಸ ತೆನೆ ಹರಸುವ ರೂಢಿ ಹಾಕಿದರೆಂದು ಕರಾವಳಿಯವರು ನಂಬುತ್ತಾರೆ. ಅದೇ ಮೊಂತಿ ಫೆಸ್ತ್. ಸೆಪ್ಟೆಂಬರ್ 8ಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹರಸಿದ ಭತ್ತದ ತೆನೆಯನ್ನು ಮನೆಗೆ ತಂದು ದೇವರ ಪೀಠದ ಮೇಲೆ ಇಟ್ಟು ಪ್ರಾರ್ಥಿಸುತ್ತಾರೆ. ಕಾಳು ಬಿಡಿಸಿ, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಆ ದಿನ ಮೀನಿಲ್ಲ, ಮಾಂಸವಿಲ್ಲ, ಬಾಳೆಲೆಯ ಊಟ. ದೂರದ ಊರಲ್ಲಿರುವ ಮಕ್ಕಳಿಗೆ ತೆನೆಯನ್ನು ಲಕೋಟೆಯಲ್ಲಿಟ್ಟು ಕಳಿಸುವವರೂ ಉಂಟು. ದಕ್ಷಿಣ ಬೆಂಗಳೂರಿನ ಗದ್ದೆಗಳೆಲ್ಲ ಬಡಾವಣೆಗಳಾದ ಮೇಲೂ ಈ ಭಾಗದ ಮಂಗಳೂರಿನ ಕುಟುಂಬಗಳು ತೆನೆ ತರಿಸಿ ಹಬ್ಬ ಮಾಡುತ್ತವೆ. ಹೂವಿನ ಬುಟ್ಟಿ ಹೊತ್ತ ಐದು ವರ್ಷದ ಮಗುವಿಗೆ ಅದು ಆಟ. ಆದರೆ ಧ್ಯಾನದಲ್ಲಿ ಮೈಮರೆಯುವ ಅನುಭವವಷ್ಟೇ ಆಳವಾದದ್ದು ಎಂದುಕೊಂಡರೆ ತಪ್ಪಾದೀತು. ಮೈಗೆ, ನಾಲಗೆಗೆ, ಮೂಗಿಗೆ ಅಂಟಿದ ಇಂಥ ಹಬ್ಬವೂ ಅಷ್ಟೇ ಆಳಕ್ಕೆ ಇಳಿದಿರುತ್ತದೆ. ಸೆರೆಯ ತಲೆಮಾರನ್ನು ದಾಟಿ ಈ ಹಬ್ಬ ಉಳಿದು ಬಂದಿದೆ ಎಂಬುದೇ ನಮಗೆ ಸಾಕ್ಷಿ.

2008ರಲ್ಲೂ ಇಂಥದೊಂದು ಪರೀಕ್ಷೆ ಬಂತು. ಮೊಂತಿ ಫೆಸ್ತ್ ಮುಗಿದ ಆರನೆಯ ದಿನ, ಸೆಪ್ಟೆಂಬರ್ 14ರ ಭಾನುವಾರ, ಪವಿತ್ರ ಶಿಲುಬೆಯ ಹಬ್ಬದಂದೇ ಮಂಗಳೂರು ಮತ್ತಿತರ ಕಡೆ ಚರ್ಚು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಹೊರಜಗತ್ತಿಗೆ ಬಾರದೆ ಹಗಲಿರುಳು ಆರಾಧನೆಯಲ್ಲೇ ಇರುವ ಸನ್ಯಾಸಿನಿಯರ ಮಠವನ್ನೂ ಬಿಡಲಿಲ್ಲ. ಆ ಸನ್ಯಾಸಿನಿಯರು ಆರಾಧನೆ ಬಿಡಲಿಲ್ಲ.

ಬೈಬಲ್ ಈ ವಿಚಾರದಲ್ಲಿ ನಮಗಿಂತ ಹೆಚ್ಚು ಪ್ರಾಮಾಣಿಕ. ಬೆಟ್ಟದ ಮೇಲೆ ಯೇಸುವಿನ ರೂಪಾಂತರವನ್ನು ಕಂಡವರು ಪೇತ್ರ, ಯಾಕೋಬ, ಯೊವಾನ್ನ. ಗೆತ್ಸೆಮನೆ ತೋಟದಲ್ಲಿ ಯೇಸು ಜೊತೆಗೆ ಕರೆದುಕೊಂಡು ಹೋದದ್ದೂ ಇದೇ ಮೂವರನ್ನು. ಬೆಳಕನ್ನು ಕಂಡಿದ್ದ ಆ ಮೂವರೂ ಅಲ್ಲಿ ನಿದ್ದೆಹೋದರು. ಪೇತ್ರನಂತೂ ಕೋಳಿ ಕೂಗುವ ಮುಂಚೆ ಮೂರು ಸಲ ಅವನನ್ನು ಅರಿಯೆ ಎಂದ. ಅಂದರೆ ಅನುಭವ ಸೋತಿತೆ? ಹೊರಗೆ ಹೋಗಿ ಅತ್ತ ಪೇತ್ರ ಮರಳಿ ಬಂದ. ಅವನ ಹೆಸರಿನ ಎರಡನೆಯ ಪತ್ರದಲ್ಲಿ, ಸಾವು ಹತ್ತಿರವಾಯಿತೆಂದು ಹೇಳುವ ಕಡೆಯೇ ಆ ಬೆಟ್ಟದ ನೆನಪು ಬರುತ್ತದೆ. ಎಲೀಯನ ಕಥೆಯೂ ಅಷ್ಟೇ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಪ್ರವಾದಿ ಅದರ ಬೆನ್ನಲ್ಲೇ ಜೀವಭಯದಿಂದ ಓಡಿ, ಅಡವಿಯಲ್ಲಿ ಗಿಡವೊಂದರ ಕೆಳಗೆ ಮಲಗಿ ಸಾವು ಬೇಡಿದ. ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ; ರೊಟ್ಟಿ, ನೀರು ಕೊಟ್ಟು ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣ್ಣಿಸಿದ.

ಒಂದೇ ಬುತ್ತಿಯಲ್ಲಿ ಎಷ್ಟು ದೂರ ನಡೆಯಬಹುದು ಎಂಬುದಕ್ಕೆ ನಮ್ಮ ಕಾಲದ ಸಾಕ್ಷಿ ಮದರ್ ತೆರೇಸಾ. 1946ರ ಸೆಪ್ಟೆಂಬರ್ 10ರಂದು, ವಾರ್ಷಿಕ ಧ್ಯಾನಕ್ಕೆಂದು ಡಾರ್ಜಿಲಿಂಗ್‌ಗೆ ಹೊರಟ ರೈಲಿನಲ್ಲಿ ಅವರಿಗೆ ಕರೆ ಬಂತು. ಬಡವರ ನಡುವೆ ಕೆಲಸ ಶುರುವಾದ ಕೆಲಕಾಲಕ್ಕೇ ಒಳಗಿನ ಬೆಳಕು ಆರಿಹೋಯಿತು. 1997ರಲ್ಲಿ ತೀರಿಕೊಳ್ಳುವವರೆಗೂ, ಸಣ್ಣದೊಂದು ಬಿಡುವು ಬಿಟ್ಟರೆ, ಅದು ಹಾಗೇ ಇತ್ತು. 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ ಕೆಲವರು ಇವರಿಗೆ ನಂಬಿಕೆಯೇ ಇರಲಿಲ್ಲ ಎಂದರು. ದೇವರ ಸುಳಿವೇ ಸಿಗದೆ ಸುಮಾರು ಐವತ್ತು ವರ್ಷ ಸಾಯುವವರ ಗಾಯ ತೊಳೆದವರನ್ನು ಕುರಿತು ಹಾಗೆನ್ನಲು ನಮಗೆ ಬಾಯಿ ಬರುವುದಿಲ್ಲ.

ಇಷ್ಟನ್ನೂ ನೋಡಿದ ಮೇಲೆ ನಮ್ಮ ಮನೆಯ ಹುಳುಕನ್ನೂ ಹೇಳಲೇಬೇಕು. ನಾವು ಅನುಭವವನ್ನು ಕಣ್ಣೀರಿನಿಂದ ಅಳೆಯುತ್ತಿದ್ದೇವೆ. ಮುರಿಂಗೂರಿಗೋ ಮೂಲ್ಕಿಗೋ ಬಸ್ಸು ಮಾಡಿಕೊಂಡು ಧ್ಯಾನಕ್ಕೆ ಹೋಗುತ್ತೇವೆ, ಸಾಕ್ಷಿ ಹೇಳುತ್ತೇವೆ, ಊರಿಗೆ ಬಂದ ಮೇಲೆ ಆ ಬಗ್ಗೆ ವಿಚಾರಿಸುವವರೇ ಇಲ್ಲ. ಆರು ತಿಂಗಳ ನಂತರ ಆ ಸಾಕ್ಷಿಯ ಗತಿ ಏನಾಯಿತು ಎಂದು ಯಾವ ಧರ್ಮಕೇಂದ್ರವೂ ಕೇಳುವುದನ್ನು ನಾವು ಕಂಡಿಲ್ಲ. ನಂಬಿದರೆ ರೋಗವಿಲ್ಲ, ಸಾಲವಿಲ್ಲ ಎಂದು ವೇದಿಕೆಯ ಮೇಲಿಂದ ಆಣೆ ಇಡುವವರು ಇದಕ್ಕಿಂತ ಅಪಾಯಕಾರಿಗಳು. ಕೋವಿಡ್‌ನಲ್ಲಿ ಮಗನನ್ನು ಕಳೆದುಕೊಂಡ ತಂದೆಗೆ ನಿನ್ನ ವಿಶ್ವಾಸ ಸಾಲದಾಯಿತು ಎಂದವರಿದ್ದಾರೆ. ಇದು ಪಾಪ, ಬೇರೆ ಹೆಸರು ಇದಕ್ಕಿಲ್ಲ. ಹಾಗೆಯೇ, ದುಃಖ ಹೆಪ್ಪುಗಟ್ಟಿ ಕಾಯಿಲೆಯಾದವರಿಗೆ ಇನ್ನೊಂದು ಉಪವಾಸ ಪ್ರಾರ್ಥನೆ ಹೇಳುವುದೂ ತಪ್ಪು. ಅವರಿಗೆ ವೈದ್ಯರು ಬೇಕು, ಔಷಧ ಬೇಕು, ಪಕ್ಕದಲ್ಲಿ ಕೂರುವವರು ಬೇಕು. ಎಲೀಯನಿಗೂ ಮೊದಲು ಸಿಕ್ಕಿದ್ದು ಊಟ ಮತ್ತು ನಿದ್ದೆ.

 ಪ್ರತಿ ತಪಸ್ಸುಕಾಲಕ್ಕೂ ಧ್ಯಾನಕೂಟಗಳ ಪ್ರಕಟಣೆ ಬೀಳುತ್ತದೆ. ನಮ್ಮ ಕೋರಿಕೆ ಇಷ್ಟೇ: ಮುಂದಿನ ತಪಸ್ಸುಕಾಲದ ಪ್ರತಿ ಕೂಟದಲ್ಲೂ ಒಂದು ಗಂಟೆಯನ್ನು 2020 ಮತ್ತು 2021ರಲ್ಲಿ ತಮ್ಮವರನ್ನು ಮುಖವನ್ನೂ ನೋಡದೆ ಮಣ್ಣು ಮಾಡಿದವರಿಗೆ ಬಿಟ್ಟುಕೊಡಿ. ಅವರು ಮಾತಾಡಲಿ, ಬೋಧಕರು ಕೇಳಲಿ. ನಂಬಿಕೆ ಉಳಿಸಿಕೊಂಡವರ ಮನೆಗೆ ಮಾತ್ರವಲ್ಲ, ಅಂದಿನಿಂದ ಚರ್ಚಿಗೆ ಬರುವುದನ್ನೇ ಬಿಟ್ಟವರ ಮನೆಗೂ ಯಾರಾದರೂ ಹೋಗಿ ಕರೆಯಲಿ. ಕೂಟ ಮುಗಿದ ಮೇಲೆ, ಈಸ್ಟರ್ ಕಳೆದು ಮಳೆ ಹಿಡಿಯುವ ಹೊತ್ತಿಗೆ, ಬಂದವರ ಪಟ್ಟಿ ಹಿಡಿದು ಒಬ್ಬೊಬ್ಬರ ಮನೆಯ ಬಾಗಿಲನ್ನೂ ಒಂದು ಸಲ ತಟ್ಟಿ ಬರುವ ಕೆಲಸವನ್ನು ವಲಯದ ಹಿರಿಯರು ಈಗಲೇ ಹಂಚಿಕೊಳ್ಳಲಿ.