ಬಾಟಲಿ ಹಗುರವಾಯ್ತು, ಚೀಲ ತುಂಬಲಿಲ್ಲ

ನೀರಿನ ಬಾಟಲಿ ಈಗೀಗ ಕೈಯಲ್ಲಿ ಹಿಡಿದರೆ ಸಾಕು, ಚರಚರ ಅಂತ ಒಳಕ್ಕೆ ಹೋಗುತ್ತೆ. ಮುಚ್ಚಳ ತಿರುಗಿಸುವಾಗ ಸ್ವಲ್ಪ ಬಿಗಿ ಹಿಡಿದರೆ ಅಂಗಿಗೆ ಅಭಿಷೇಕ :) "ಪ್ಲಾಸ್ಟಿಕ್ಕಲ್ಲೂ ಜುಗ್ಗತನ ಮಾಡ್ತಾರಲ್ರೀ" ಅಂತ ಬೈಯೋರು ಬಹಳ ಜನ. ಆ ಬೈಗುಳ ಅಷ್ಟು ನ್ಯಾಯ ಅಲ್ಲ ಅಂತ ನನ್ನ ಅನಿಸಿಕೆ. ಪ್ಲಾಸ್ಟಿಕ್ ಕಡಿಮೆ ಬಳಸಿ ಅಂತ ಬೊಬ್ಬೆ ಹೊಡೆದವರು ನಾವೇ, ಕಡಿಮೆ ಬಳಸಿದರೆ ಬೈಯೋರೂ ನಾವೇ ಅಂದ್ರೆ ಹೇಗೆ?

ನಿಜ ಹೇಳಬೇಕಂದ್ರೆ ಇದರ ಹಿಂದಿನ ಎಂಜಿನಿಯರಿಂಗ್ ತುಂಬಾ ಚೆನ್ನಾಗಿದೆ. ಪೆಟ್ ಬಾಟಲಿ ಹುಟ್ಟೋವಾಗ ಬಾಟಲಿ ಆಗಿರಲ್ಲ. ದಪ್ಪ ಗೋಡೆಯ ಒಂದು ಪ್ರನಾಳ ಇರುತ್ತೆ, ಅದಕ್ಕೆ ಪ್ರಿಫಾರ್ಮ್ ಅಂತಾರೆ. ಅದನ್ನ ಕಾಯಿಸಿ, ಅಚ್ಚಿನೊಳಗೆ ಇಟ್ಟು, ಸರಳಿನಿಂದ ಉದ್ದಕ್ಕೆ ಎಳೆದು, ಗಾಳಿ ಊದಿ ಅಡ್ಡಕ್ಕೆ ಹಿಗ್ಗಿಸ್ತಾರೆ. ಹೀಗೆ ಎರಡೂ ಕಡೆ ಎಳೆದಾಗ ಪ್ಲಾಸ್ಟಿಕ್ಕಿನ ಅಣುಗಳ ಸರಪಳಿ ಸಾಲಾಗಿ ಕೂತು ತೆಳು ಗೋಡೆಗೂ ಬಲ ಬರುತ್ತೆ. ಎಳೆತಕ್ಕೆ ಸಿಗದೆ ದಪ್ಪಗೇ ಉಳಿಯೋದು ಮೂತಿ ಮಾತ್ರ. ಕೂಲ್ ಡ್ರಿಂಕ್ಸ್ ಬಾಟಲಿಗಳ ಮೂತಿ, ಮುಚ್ಚಳ ಎರಡೂ ಮೊದಲಿಗಿಂತ ಗಿಡ್ಡ ಆಗಿರೋದು ಗಮನಿಸಿದ್ದೀರಾ? ಹಳೇ ಮೂತಿಯ ಹೆಸರು 1810, ಹೊಸದು 1881. ಮೂತಿಯೊಂದರಲ್ಲೇ ಸುಮಾರು 5 ಗ್ರಾಂ ಇದ್ದದ್ದು 3.8 ಗ್ರಾಂ ಆಸುಪಾಸಿಗೆ ಬಂತು. ಒಂದು ಕೋಟಿ ಬಾಟಲಿಗೆ ಹನ್ನೆರಡು ಟನ್ ಉಳಿತಾಯ! ಇನ್ನು ಕೆಲವು ತೆಳು ನೀರಿನ ಬಾಟಲಿಗಳಿಗೆ ಮುಚ್ಚಳ ಹಾಕೋ ಮುಂಚೆ ಒಂದು ಹನಿ ದ್ರವ ಸಾರಜನಕ ಬಿಡ್ತಾರೆ. ಅದು ಅನಿಲವಾಗಿ ಒಳಗಿಂದ ಒತ್ತಿ ಹಿಡಿಯುತ್ತೆ, ಲಾರಿಯಲ್ಲಿ ಒಂದರ ಮೇಲೊಂದು ಪೇರಿಸಿದರೂ ಕುಸಿಯಲ್ಲ. ಮುಚ್ಚಳ ತೆಗೆದಾಗ ಬರೋ "ಪುಸ್" ಅದೇ.

ಇಲ್ಲಿವರೆಗೆ ಎಲ್ಲಾ ಸರಿ. ನನ್ನ ತಕರಾರು ಇರೋದು ಕುಡಿದು ಬಿಸಾಕಿದ ಮೇಲಿನ ಕಥೆ ಬಗ್ಗೆ.

ಆ ಬಾಟಲಿಯನ್ನ ರಸ್ತೆಯಿಂದ ಎತ್ತೋರು ಚಿಂದಿ ಆಯೋರು. ಗುಜರಿ ಅಂಗಡಿಯಲ್ಲಿ ಅವರಿಗೆ ದುಡ್ಡು ಸಿಗೋದು ಕೆಜಿ ಲೆಕ್ಕದಲ್ಲಿ. ಬಾಟಲಿ 25 ಗ್ರಾಂ ಇದ್ದಾಗ ಒಂದು ಕೆಜಿಗೆ 40 ಬಾಟಲಿ ಸಾಕಿತ್ತು ಅಂತಿಟ್ಟುಕೊಳ್ಳಿ. ಅದೇ 20 ಗ್ರಾಂ ಆದರೆ 50 ಬೇಕು. ಅದೇ ಕಾಸಿಗೆ ಹತ್ತು ಸಲ ಜಾಸ್ತಿ ಬಗ್ಗಬೇಕು. ಕಂಪನಿ ಉಳಿಸಿದ ಐದು ಗ್ರಾಂನ ಒಂದು ಪಾಲು ಬಂದದ್ದು ಆ ಹೆಂಗಸಿನ ಸೊಂಟದಿಂದ. "ನಮ್ಮ ಬಾಟಲಿಯಲ್ಲಿ ಇಷ್ಟು ಪರ್ಸೆಂಟ್ ಕಡಿಮೆ ಪ್ಲಾಸ್ಟಿಕ್" ಅಂತ ಹಸಿರು ಎಲೆ ಚಿತ್ರ ಹಾಕಿ ಅಚ್ಚು ಹಾಕ್ತಾರಲ್ಲ, ಅದರಲ್ಲಿ ಈ ಲೆಕ್ಕ ಎಲ್ಲೂ ಕಾಣಲ್ಲ.

ಬಾಟಲಿಯನ್ನಾದರೂ ಎತ್ತುತ್ತಾರೆ. ಶಾಂಪೂ ಸ್ಯಾಶೆ? ಕಡಲೂರಿನ ಚಿನ್ನಿ ಕೃಷ್ಣನ್ ಬಡವರೂ ಕೊಳ್ಳಲಿ ಅಂತ ಶಾಂಪೂವನ್ನ ಸ್ಯಾಶೆಗೆ ತುಂಬಿದರು, ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರು ಮಾಡಿದರು. ಉದ್ದೇಶ ಒಳ್ಳೇದೇ. ಆದರೆ ಖಾಲಿ ಸ್ಯಾಶೆ ಅರ್ಧ ಗ್ರಾಂ ಅಂತಿಟ್ಟುಕೊಂಡರೂ ಒಂದು ಕೆಜಿಗೆ 2,000 ಆಯಬೇಕು. ಅದೂ ಬೇರೆ ಬೇರೆ ಪದರಗಳನ್ನ ಅಂಟಿಸಿ ಮಾಡಿದ್ದು, ಬಿಡಿಸೋಕಾಗಲ್ಲ, ಗುಜರಿಯವನು ಮುಟ್ಟಲ್ಲ. ಸಿಕ್ಕಿದ್ದರಲ್ಲಿ ಒಂದಿಷ್ಟು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತೆ, ಉಳಿದದ್ದು ಚರಂಡಿಗೆ. ತೂಕ ಮಾತ್ರ ನೋಡಿದರೆ ಇದಕ್ಕಿಂತ ಹಗುರವಾದ ಪೊಟ್ಟಣ ಇಲ್ಲ, ಬಹುಮಾನ ಕೊಡಬೇಕು!

ತಮಾಷೆ ನೋಡಿ, ಕ್ಯಾರಿ ಬ್ಯಾಗ್ ವಿಷಯದಲ್ಲಿ ಸರ್ಕಾರಕ್ಕೆ ಇದು ಅರ್ಥ ಆಗಿದೆ. 1999ರ ನಿಯಮದಲ್ಲಿ ಕವರ್ ಕನಿಷ್ಠ 20 ಮೈಕ್ರಾನ್ ದಪ್ಪ ಇರಬೇಕಿತ್ತು. 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಯಿಂದ 75, 2022ರ ಡಿಸೆಂಬರ್ ಕೊನೆಯಿಂದ 120. ಅಂದ್ರೆ ದಪ್ಪ ಮಾಡ್ತಾ ಹೋಗಿದ್ದಾರೆ! ದಪ್ಪ ಇದ್ದರೆ ಪುಕ್ಕಟೆ ಕೊಡೋಕೆ ಅಂಗಡಿಯವನಿಗೆ ಕಷ್ಟ, ನಾವು ಎರಡನೇ ಸಲ ಬಳಸ್ತೀವಿ, ಬಿಸಾಕಿದರೂ ಆಯೋರು ಎತ್ತುತ್ತಾರೆ. (ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲೇ ಎಲ್ಲಾ ದಪ್ಪದ ಪ್ಲಾಸ್ಟಿಕ್ ಕವರ್ ನಿಷೇಧ ಆಗಿದೆ. ಮಾರ್ಕೆಟ್ಟಿಗೆ ಹೋದರೆ ನಂಬೋದು ಕಷ್ಟ, ಇರಲಿ ಬಿಡಿ.)

ಕಂಪನಿಗಳ ಪ್ಯಾಕಿಂಗ್ ವಿಷಯಕ್ಕೆ ಬಂದರೆ ಮತ್ತೆ ತಕ್ಕಡಿಯೇ. 2022ರ ಫೆಬ್ರವರಿಯಲ್ಲಿ ಕೇಂದ್ರ ತಂದ ನಿಯಮದ ಪ್ರಕಾರ ಕಂಪನಿಗಳು ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿಗೆ ಜವಾಬ್ದಾರರು. 2023-24ರಿಂದ ನೂರಕ್ಕೆ ನೂರು. ಒಳ್ಳೇ ಹೆಜ್ಜೆ. ಆದರೆ ಲೆಕ್ಕ ಟನ್ನಿನಲ್ಲಿ. ಒಂದು ಟನ್ ಅಂದ್ರೆ 50,000 ಬಾಟಲಿಯೂ ಹೌದು, 20 ಲಕ್ಷ ಸ್ಯಾಶೆಯೂ ಹೌದು. ಚರಂಡಿ ಕಟ್ಟಿಕೊಳ್ಳೋದು ಸಂಖ್ಯೆಯಿಂದ ಸ್ವಾಮಿ, ತೂಕದಿಂದಲ್ಲ. ನಮ್ಮ ಫೀಲ್ಡಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಬರೆದ ಕೋಡಿನ ಸಾಲು ಎಣಿಸಿ ಕೆಲಸ ಅಳೆದರೆ ಎಂಥ ಕೋಡ್ ಬರುತ್ತೆ ಅಂತ ನಿಮಗೆ ಗೊತ್ತಲ್ಲ?

ಹಾಗಾದರೆ ಬಾಟಲಿ ಮತ್ತೆ ದಪ್ಪ ಮಾಡಬೇಕಾ? ಖಂಡಿತ ಬೇಡ. ದುಡ್ಡು ಕೊಡೋದನ್ನ ತೂಕದಿಂದ ಬಿಡಿಸಿ ಎಣಿಕೆಗೆ ಕಟ್ಟಿ ಅಂತಷ್ಟೇ ನನ್ನ ವಾದ. ಸೋಡಾ ಬಾಟಲಿಗೆ ಡಿಪಾಸಿಟ್ ಕೊಟ್ಟು ಬೆಳೆದವರಿಗೆ ಇದೇನು ಹೊಸದಲ್ಲ. ಜರ್ಮನಿಯಲ್ಲಿ 2003ರಿಂದ ಬಿಸಾಕೋ ಬಾಟಲಿಗೂ 25 ಸೆಂಟ್ ಡಿಪಾಸಿಟ್ ಇದೆ. ಅಷ್ಟು ದೂರ ಯಾಕೆ, ಪಕ್ಕದ ನೀಲಗಿರಿಯಲ್ಲಿ 2022ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಟಾಸ್ಮಾಕ್ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡೋಕೆ ಶುರು ಮಾಡಿತು. ಕುಡುಕರ ಕೈಲಿ ಬಾಟಲಿ ವಾಪಸ್ ತರಿಸಬಹುದಾದರೆ ನೀರು ಕುಡಿಯೋರ ಕೈಲಿ ಆಗಲ್ವಾ? ಒಂದು ಬಾಟಲಿಗೆ ಎರಡೇ ರೂಪಾಯಿ ಇಟ್ಟರೂ ಸಾಕು, ನೀವು ಬಿಸಾಕಿದ್ದನ್ನ ಎತ್ತಿ ತಂದವರಿಗೆ ಅದು ಸಿಗುತ್ತೆ. ಆಮೇಲೆ ಕಂಪನಿಯವರು ಬಾಟಲಿಯನ್ನ ಹದಿನೈದು ಗ್ರಾಂಗೆ ಇಳಿಸಲಿ, ಹತ್ತಕ್ಕೆ ಇಳಿಸಲಿ, ಆಯೋರಿಗೆ ನಷ್ಟ ಇಲ್ಲ.

ಸ್ಯಾಶೆಗೂ ಹೀಗೇ ಮಾಡಿ ಅಂದ್ರೆ ನಗ್ತಾರೆ. ಒಂದು ರೂಪಾಯಿ ಶಾಂಪೂಗೆ ಎಷ್ಟು ಡಿಪಾಸಿಟ್ ಇಡೋದು ಅಂತ. ಸರಿ, ಡಿಪಾಸಿಟ್ ಇಡೋಕೂ ಆಗದಷ್ಟು ಅಗ್ಗ, ಎತ್ತೋಕೂ ಆಗದಷ್ಟು ಹಗುರ ಅಂತಾದರೆ ಅದನ್ನ ಮಾರೋಕೆ ಬಿಟ್ಟಿದ್ದೇ ಯಾಕೆ?